ಸರ್ವರ್ ಇಲ್ಲ ಅಂದರೆ ಯಾರು ಇಲ್ಲ?

ನಮ್ಮ ಹುಳಿಯಾರು ಹೋಬಳಿಯಲ್ಲಿ ಅಕ್ಷರ ಬಂದವರಿಗೂ ಬಾರದವರಿಗೂ ಸಮನಾಗಿ ಗೊತ್ತಿರುವ ಇಂಗ್ಲಿಷು ಈಗ ಒಂದೇ: 'ಸರ್ವರ್ ಇಲ್ಲ.' ರೇಷನ್ ಅಂಗಡಿ ಮುಂದೆ ಹೆಬ್ಬೆಟ್ಟು ಒತ್ತಿ ಒತ್ತಿ ಸವೆಸಿಕೊಂಡ ಮುದುಕಿಗೆ ಗೊತ್ತು. ನಾಡಕಚೇರಿಯಲ್ಲಿ ಜಾತಿ ಸರ್ಟಿಫಿಕೇಟಿಗೆ ನಿಂತ ಹುಡುಗನಿಗೆ ಗೊತ್ತು. 2024ರ ಫೆಬ್ರುವರಿಯಲ್ಲಿ ನಾಫೆಡ್‌ಗೆ ಕೊಬ್ಬರಿ ಬಿಡಲು ಹೆಸರು ಬರೆಸಬೇಕೆಂದು ತಿಪಟೂರು, ತುರುವೇಕೆರೆ ಕಡೆ ಸರತಿ ನಿಂತ ರೈತರಿಗೆ ಗೊತ್ತು. ಹಿಂದೆ 'ಸಾಹೇಬ್ರಿಲ್ಲ, ನಾಳೆ ಬಾ' ಅನ್ನುತ್ತಿದ್ದರು. ಸಾಹೇಬ ಇದ್ದಾನೋ ಇಲ್ಲವೋ ಅಂತ ಕಿಟಕಿಯಲ್ಲಿ ಇಣುಕಿಯಾದರೂ ನೋಡಬಹುದಿತ್ತು. ಈ ಸರ್ವರ್ ಎಂಬುವನನ್ನು ಯಾವ ಕಿಟಕಿಯಲ್ಲಿ ಇಣುಕಿ ನೋಡೋಣ?

ನಮ್ಮಪ್ಪನ ಕಾಲಕ್ಕೆ ಸರ್ವರ್ ಅಂದರೆ ಹೋಟ್ಲಲ್ಲಿ ಕಾಫಿ ತಂದಿಡುವವನು. ನಮಗೆ ಬೇರೆ ಲೋಟ ಇಡುವವನೂ ಅವನೇ. ಈಗಿನ ಸರ್ವರು ಒಂದು ಯಂತ್ರ. ಎಲ್ಲೋ ತಣ್ಣನೆ ಕೋಣೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿರುತ್ತದೆ. ಪ್ರಪಂಚದ ಇಂಥ ಯಂತ್ರಗಳಲ್ಲಿ ಬಹುಪಾಲು ಓಡುವುದು ಲಿನಕ್ಸ್ ಮೇಲೆ. ಹೊಟ್ಟೆಪಾಡಿಗೆ ನಾನು ಮಾಡುವುದು ಅವುಗಳ ಕಾವಲು. ಕಂತ್ರಾಟು ಕೆಲಸ, ರಾತ್ರಿಪಾಳಿ. ಅಪ್ಪ ಕಾಯಿ ಸುಲಿಯುತ್ತಾನೆ, ಅವ್ವ ಕೊಬ್ಬರಿ ಹೆರೆಯುತ್ತಾಳೆ, ಇಬ್ಬರಿಗೂ ಕಾಯಿ ಲೆಕ್ಕದ ಕೂಲಿ. ಮನೆಯಲ್ಲಿ ಡಿಗ್ರಿ ಕಾಗದ ಕಂಡವನು ನಾನೇ ಮೊದಲು. 'ಏನ್ಲಾ ಕೆಲ್ಸ ನಿಂದು?' ಅಂತ ಅವ್ವ ಕೇಳಿದರೆ 'ಕಾಯೋದು ಕಣವ್ವ' ಅನ್ನುತ್ತೇನೆ. ಡಿಸ್ಕ್ ತುಂಬುವ ಮೊದಲೇ ಖಾಲಿ ಮಾಡಬೇಕು. ಲಾಗ್ ಓದಬೇಕು. ಬ್ಯಾಕಪ್ ತೆಗೆಯಬೇಕು, ತೆಗೆದದ್ದು ವಾಪಸ್ಸು ಬರುತ್ತದೋ ಇಲ್ಲವೋ ನೋಡಬೇಕು. ತೂತು ಕಂಡ ಪ್ಯಾಕೇಜಿಗೆ ತೇಪೆ ಹಾಕಬೇಕು. ಎಲ್ಲ ಸರಿಯಾಗಿದ್ದರೆ ನಾನಿದ್ದೇನೆಂದು ಯಾರಿಗೂ ತಿಳಿಯುವುದಿಲ್ಲ.

ಇದು ನಮಗೆ ಹೊಸ ಕೆಲಸವಲ್ಲ ಗೆಳೆಯರೇ. ಕೆರೆಯಿದ್ದ ಊರಿಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಮಳೆಗಾಲದ ನಡುರಾತ್ರಿ ಏರಿಯ ಮೇಲೆ ನಡೆದು ಎಲ್ಲಿ ಬಿಲ ಬಿದ್ದಿದೆ, ಎಲ್ಲಿ ಒಸರು ಕಾಣುತ್ತಿದೆ ಎಂದು ಹುಡುಕುವವನು. ಬಹಳ ಊರುಗಳಲ್ಲಿ ಅವನು ನಮ್ಮ ಕೇರಿಯವನು. ಕೆರೆ ತುಂಬಿದರೆ ಬಾಗಿನ ಬಿಡಲು ದೊಡ್ಡವರು, ಒಡೆದರೆ ಬೈಸಿಕೊಳ್ಳಲು ನೀರಗಂಟಿ. ಅವನು ತೂಬು ಮುಟ್ಟಿದರೆ ಮೈಲಿಗೆಯಿಲ್ಲ, ಬಾವಿಹಗ್ಗ ಮುಟ್ಟಿದರೆ ಮೈಲಿಗೆ! ಆದರೂ ಒಂದು ಮಾತಿದೆ. ತೋಟಿ, ತಳವಾರ, ನೀರಗಂಟಿಗಳಿಗೆ ಇನಾಂ ಜಮೀನು ಅಂತ ಒಂದು ತುಂಡಿತ್ತು. ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶದ ಚಾಕರಿಯನ್ನು ಕಿತ್ತುಹಾಕಿತು, ಜಮೀನನ್ನು ಚಾಕರಿ ಮಾಡಿದವರಿಗೇ ಮರುಮಂಜೂರು ಮಾಡಬೇಕೆಂದಿತು. ಅದರಲ್ಲಿ ಎಷ್ಟು ಕೈಗೆ ಬಂತು, ಎಷ್ಟು ಬಾಯಿಗೆ ಬರಲಿಲ್ಲ ಎಂಬುದು ಬೇರೆ ಜಗಳ. ಆ ಪಾಳೇಗಾರಿ ವ್ಯವಸ್ಥೆಗೂ ತೂಬು ಕಾಯುವವನ ಹೊಟ್ಟೆಗೆ ಏನಾದರೂ ಬೇಕೆಂಬ ಲೆಕ್ಕ ಗೊತ್ತಿತ್ತು. ಇವತ್ತಿನ ಕಂಪ್ಯೂಟರ್ ಸಾಹುಕಾರರಿಗೆ ಅಷ್ಟೂ ಗೊತ್ತಿಲ್ಲ.

ಹೇಗೆ ಅಂತೀರಾ? 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬುವನು ಗ್ನು ಎಂಬ ಕೆಲಸ ಶುರುಮಾಡುತ್ತೇನೆಂದು ಸಾರಿದ. ತಂತ್ರಾಂಶದ ಒಳಗುಟ್ಟನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಹಂಚುವಾಗ ಇದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು ಎಂಬುದು ಅದರ ಕರಾರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದ. ಗುಟ್ಟು ಬಿಟ್ಟುಕೊಡದಿರುವುದೇ ವಿದ್ಯೆ ಎಂದು ನಂಬಿದ್ದ ಪುರೋಹಿತಶಾಹಿಯ ದೇಶದಲ್ಲಿ ಹುಟ್ಟಿದ ನನಗೆ ಈ ಕರಾರನ್ನು ಮೊದಲು ಓದಿದಾಗ ಮೈ ಜುಮ್ಮೆಂದದ್ದು ನಿಜ.

ಇನ್ನೂ ಹತ್ತಿರದ ಸಂಗತಿ ಕೇಳಿ. ನಿಮ್ಮ ಮೊಬೈಲಿನಲ್ಲಿ 'ಸ್ತ್ರೀ' ಎಂಬ ಅಕ್ಷರ ಮುರಿಯದೆ ಮೂಡುತ್ತದಲ್ಲ, ಒತ್ತು ಕೆಳಗೆ ಬಂದು ಕೂರುತ್ತದಲ್ಲ, ಅದನ್ನು ಕೂರಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಬಹಳ ವರ್ಷ ಅದನ್ನು ಕಟ್ಟಿ ನೋಡಿಕೊಂಡವನು ಇರಾನಿನಲ್ಲಿ ಹುಟ್ಟಿದ ಬೆಹದಾದ್ ಎಸ್ಫಹಬೋದ್. ಪಾರ್ಸಿಯಲ್ಲಿ ಆ ಹೆಸರಿನ ಅರ್ಥ 'ತೆರೆದ ಅಕ್ಷರ'. ಕನ್ನಡದ ಕಟ್ಟಾಳುಗಳು ಬಾವುಟ ಹಿಡಿದು ಬೀದಿಯಲ್ಲಿ ಕೂಗುವಾಗ ಅವರ ಜೇಬಿನೊಳಗೆ ಕನ್ನಡಕ್ಕೆ ಒತ್ತು ಕೊಡುತ್ತಿದ್ದವನು ಒಬ್ಬ ಇರಾನಿ!

ಈಗ ಕೂಲಿಯ ಮಾತು. ಬ್ಯಾಂಕಿನ ವ್ಯವಹಾರಕ್ಕೆಲ್ಲ ಬೀಗ ಹಾಕುವ ಓಪನ್‌ಎಸ್‌ಎಸ್‌ಎಲ್ ಎಂಬ ಪ್ಯಾಕೇಜಿನಲ್ಲಿ 2014ರ ಏಪ್ರಿಲ್‌ನಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೊಡ್ಡ ತೂತು ಬಯಲಾಯಿತು. ಜಗತ್ತಿನ ಸಾಹುಕಾರರೆಲ್ಲ ನೆಚ್ಚಿಕೊಂಡಿದ್ದ ಆ ಬೀಗಕ್ಕೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರ್. ಆಮೇಲೆ ಕಂಪನಿಗಳು ಗಾಬರಿಬಿದ್ದು ಒಂದಿಷ್ಟು ದುಡ್ಡು ಸುರಿದವು. ಹತ್ತು ವರ್ಷ ಕಳೆದ ಮೇಲೆ ಎಕ್ಸ್‌ಜೆಡ್ ಪ್ರಸಂಗ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಪ್ಯಾಕೇಜು ಅದು, ಲಿನಕ್ಸ್ ಇರುವಲ್ಲೆಲ್ಲ ಇರುತ್ತದೆ. ನೋಡಿಕೊಳ್ಳುತ್ತಿದ್ದವನು ಫಿನ್ಲೆಂಡಿನ ಲಾಸ್ಸೆ ಕಾಲಿನ್, ಒಬ್ಬನೇ, ಸಂಬಳವಿಲ್ಲದೆ. ನಿಧಾನ ಮಾಡ್ತೀಯ, ಕೈಲಾಗದಿದ್ರೆ ಬೇರೆಯವರಿಗೆ ಬಿಡು ಅಂತ ಯಾರ್‍ಯಾರೋ ಅವನ ಬೆನ್ನು ಬಿದ್ದರು. ಇದು ಬಿಟ್ಟಿ ಕೆಲಸ, ನನ್ನ ಮನಸ್ಸೂ ದಣಿದಿದೆ ಎಂದು ಆ ಮನುಷ್ಯ 2022ರಲ್ಲಿ ಬರೆದುಕೊಂಡ. ಆಗ ನೆರವಿಗೆ ಬಂದವನ ಹೆಸರು ಜಿಯಾ ತಾನ್. ಎರಡು ವರ್ಷಕ್ಕೂ ಮೇಲ್ಪಟ್ಟು ವಿನಯದಿಂದ ದುಡಿದು ಕೀಲಿಕೈ ಸಂಪಾದಿಸಿದ. 2024ರ ಆರಂಭದಲ್ಲಿ 5.6.0 ಮತ್ತು 5.6.1 ಆವೃತ್ತಿಗಳ ಒಳಗೆ ಕಳ್ಳಬಾಗಿಲು ಇಟ್ಟ. ದೂರದಿಂದ ಸರ್ವರಿನೊಳಗೆ ಹೋಗುವ ಬಾಗಿಲಿದೆಯಲ್ಲ, ಎಸ್‌ಎಸ್‌ಎಚ್, ಅದನ್ನೇ ತೆರೆಯುವ ಕಳ್ಳಬಾಗಿಲು. ಜಿಯಾ ತಾನ್ ಯಾರೆಂದು ಇವತ್ತಿಗೂ ಬಯಲಾಗಿಲ್ಲ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತೆ? ಆಂದ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರನಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡು! ಅದರ ಜಾಡು ಹಿಡಿದು ಕೂತವನು 2024ರ ಮಾರ್ಚ್ 29ರಂದು ಜಗತ್ತಿಗೆ ಕೂಗಿ ಹೇಳಿದ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಅಟ್ಟದ ಮೇಲೆ ವರ್ಷ ಒಣಗಿದ ಕಾಯನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಗಿಟುಕು ಕರಟ ಬಿಟ್ಟಿದೆಯೋ ಕೊಳೆತಿದೆಯೋ ಸದ್ದಿನಲ್ಲೇ ಹೇಳುತ್ತಾನೆ. ಆ ಕಿವಿಗೆ ಯಾವ ಕಾಲೇಜಿನವರೂ ಸರ್ಟಿಫಿಕೇಟು ಕೊಟ್ಟಿಲ್ಲ. ಕಾವಲೆಂದರೆ ಅದು.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಲಿನಕ್ಸ್‌ನ ತಿರುಳು ಬರೆಯುವವರಲ್ಲಿ ಬಹುಮಂದಿ ಇವತ್ತು ದೊಡ್ಡ ಕಂಪನಿಗಳ ಸಂಬಳದವರೇ. ಬಿಟ್ಟಿ ಬಿದ್ದಿರುವುದು ಅದರ ಕೆಳಗಿನ, ಪಕ್ಕದ, ಹೆಸರು ಕೇಳದ ಸಾವಿರಾರು ಸಣ್ಣ ಪ್ಯಾಕೇಜುಗಳು. ಕಂಬಕ್ಕೆ ಕೂಲಿ ಉಂಟು, ತಳಪಾಯದ ಜಲ್ಲಿಗೆ ಇಲ್ಲ.

ಬೆಂಗಳೂರಿನ ಓಪನ್ ಸೋರ್ಸ್ ಸಭೆಗಳಲ್ಲಿ ಇದಕ್ಕೆ ಒಂದು ಚಂದದ ಹೆಸರಿದೆ: ಸೇವೆ. 'ಆನಂದಕ್ಕೆ ಮಾಡಿ, ಸಮುದಾಯಕ್ಕೆ ಕೊಡಿ.' ಸ್ವಾಮಿ, ನೀವು ಸೇವೆ ಅನ್ನುವುದಕ್ಕೆ ನಮ್ಮ ಕೇರಿಯಲ್ಲಿ ಬಿಟ್ಟಿ ಚಾಕರಿ ಅನ್ನುತ್ತಾರೆ. ಆ ಪದ ನಮ್ಮ ಬೆನ್ನ ಮೇಲೆ ಬರೆದದ್ದು. ಸತ್ತ ದನ ಎಳೆದದ್ದು ಸೇವೆ, ತಮಟೆ ಬಡಿದದ್ದು ಸೇವೆ, ಚರಂಡಿಗಿಳಿದದ್ದೂ ಸೇವೆಯೇ. ಮನೆ, ನಿವೇಶನ, ಇಂಗ್ಲಿಷು ಇರುವವನಿಗೆ ಭಾನುವಾರವೆಲ್ಲ ಬಿಟ್ಟಿ ಕೋಡು ಬರೆಯುವ ಪುರುಸೊತ್ತಿದೆ. ಆ ಪುರುಸೊತ್ತೇ ನಾಳೆ ಅವನ ಅರ್ಜಿಯಲ್ಲಿ 'ಪ್ರತಿಭೆ' ಆಗುತ್ತದೆ. 'ನಾವು ಕೋಡ್ ನೋಡ್ತೀವಿ, ಜಾತಿ ನೋಡಲ್ಲ' ಅನ್ನುತ್ತಾರೆ. ಕೋಡು ಬರೆಯಲು ಯಾರಿಗೆ ರಾತ್ರಿ ಉಳಿದಿದೆ, ಯಾರಿಗೆ ಉಳಿದಿಲ್ಲ ಎಂಬುದನ್ನು ಯಾರು ನೋಡಬೇಕು? 2020ರಲ್ಲಿ ಇವರ ಜಗತ್ತು 'ಯಜಮಾನ', 'ಗುಲಾಮ' ಎಂಬ ಪದಗಳನ್ನು ಕೋಡಿನಿಂದ ತೆಗೆಯಲು ಹೊರಟಿತು. ಒಳ್ಳೆಯದು. ಪದ ತೆಗೆದ ಕೈ ಕೂಲಿಯನ್ನೂ ಕೊಡಲಿ.

ಇಷ್ಟು ಹೇಳಿದ ಮೇಲೆ ನಮ್ಮವರ ಮೇಲೂ ನನಗೆ ಸಿಟ್ಟಿದೆ. ಸಂಘಟನೆಯ ಗೆಳೆಯರು ಅನ್ನುತ್ತಾರೆ: 'ಅದು ಮೇಲ್ಜಾತಿಯವರ ಆಟ, ಬಿಡಪ್ಪ. ನೀನು ಪದ್ಯ ಬರಿ.' ಬರೆಯುತ್ತೇನೆ. ಆದರೆ ತೂಬಿನ ಕೀಲಿ ಅವರ ಕೈಯಲ್ಲಿ ಬಿಟ್ಟು ನಾನು ಏರಿ ಮೇಲೆ ಕೂತು ನೀರಿನ ಪದ್ಯ ಬರೆಯಬೇಕೆ? ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಮೂರು ವರ್ಗ: ಒಡೆಯ, ಗುಂಪು, ಇತರರು. ಓದುವುದು, ಬರೆಯುವುದು, ನಡೆಸುವುದು, ಈ ಮೂರು ಹಕ್ಕುಗಳನ್ನು ಮೂರೂ ವರ್ಗಕ್ಕೆ ಬೇರೆ ಬೇರೆ ಬರೆದಿರುತ್ತಾರೆ. ಹಕ್ಕಿಲ್ಲದವನು ಮುಟ್ಟಿದರೆ 'ಪರ್ಮಿಷನ್ ಡಿನೈಡ್'. ಗುಡಿಯ ಬಾಗಿಲಲ್ಲಿ ಕೇಳಿದ ಮಾತೇ. ನಾವು ಹುಟ್ಟಾ 'ಇತರರು'. ಆದರೆ ಇಲ್ಲಿ ಹಕ್ಕನ್ನು ಬದಲಿಸಲು ಸಿಹೆಚ್‌ಮಾಡ್ ಎಂಬ ಒಂದು ಸಾಲಿನ ಆಜ್ಞೆಯಿದೆ. ಮನುವಿನ ಪುಸ್ತಕದಲ್ಲಿ ಅದಿರಲಿಲ್ಲ. ಷರತ್ತು ಒಂದೇ, ಆ ಆಜ್ಞೆ ಕೊಡಲು ಒಡೆಯನಾಗಿರಬೇಕು, ಇಲ್ಲವೇ ರೂಟ್ ಆಗಿರಬೇಕು.

ಕಲಿಯಲು ಆಗುವುದಿಲ್ಲ ಅನ್ನಬೇಡಿ. ಕಾಸರಗೋಡಿಗೆ ಹೋಗಿ ನೋಡಿ. ಕೇರಳ ತನ್ನ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ಹಾಕಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ, ಅದಕ್ಕೆ ಕನ್ನಡದಲ್ಲೇ ಪಠ್ಯಪುಸ್ತಕವಿದೆ. ಕನ್ನಡದ ಮಗು ಕನ್ನಡದಲ್ಲಿ ಲಿನಕ್ಸ್ ಓದಬೇಕಾದರೆ ಕೇರಳದ ಸರ್ಕಾರ ಬೇಕಾಯಿತು! ಬೆಂಗಳೂರಿನ ಸುದರ್ಶನ್ ಲೇಔಟ್ ಕೊಳೆಗೇರಿಯಲ್ಲಿ ಮುಕ್ತ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನಲ್ಲಿ ಕಂಪ್ಯೂಟರ್ ಕೇಂದ್ರ ತೆರೆದಿದ್ದರು. ಕೂಲಿಯವರ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆದರು. ಈ ಜನರನ್ನು ನಾನು ಬಯ್ಯಲಾರೆ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಕೆಲಸದ ಸಂಗತಿ. ಡೆಬಿಯನ್ ಎಂಬ ಲಿನಕ್ಸ್‌ನವರು, 1993ರಿಂದ ಇದ್ದಾರೆ, ನೋಡಿಕೊಳ್ಳುವವರು ಬಿಟ್ಟುಹೋದ ಪ್ಯಾಕೇಜುಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿದ್ದಾರೆ. ಅದನ್ನು ಅವರು ಕರೆಯುವುದೇ 'ಅನಾಥ' ಎಂದು. ಯಾರು ಬೇಕಾದರೂ 'ದತ್ತು' ಕೇಳಬಹುದು, ಗೋತ್ರ ಕೇಳುವುದಿಲ್ಲ, ಕೆಲಸ ನೋಡುತ್ತಾರೆ. ಹಳೇ ಕಂಪ್ಯೂಟರ್ ಸಾಕು. ಡಿಗ್ರಿ ಓದುವ ನಮ್ಮ ಇಬ್ಬರು ಹುಡುಗಿಯರನ್ನು ಇದಕ್ಕೆ ಕೂರಿಸಿ. ಒಬ್ಬಳೇ ಬೇಡ, ಒಂಟಿ ಕಾವಲುಗಾರನ ಗತಿ ಏನಾಯಿತೆಂದು ಮೇಲೆ ಹೇಳಿದೆ.

ಆದರೆ ಬಿಟ್ಟಿ ಕೂರಿಸಬೇಡಿ. ಜರ್ಮನಿಯ ಸರ್ಕಾರ 2022ರಿಂದ ಇಂಥ ಪ್ಯಾಕೇಜು ಕಾಯುವವರಿಗೆ ದುಡ್ಡು ಕೊಡಲೆಂದೇ ನಿಧಿ ಇಟ್ಟಿದೆ. ಭಾರತ ಸರ್ಕಾರ 2015ರಲ್ಲಿ ಓಪನ್ ಸೋರ್ಸ್ ಬಳಸಬೇಕೆಂದು ನೀತಿ ಮಾಡಿತು. ಬಳಸಿ ಎಂದಿರಿ, ಬಳಸಿದಿರಿ. ಕಾಯುವವನ ಕೂಲಿಯ ಸಾಲು ನಿಮ್ಮ ಬಜೆಟ್ಟಿನ ಯಾವ ಪುಟದಲ್ಲಿದೆ? ತಾಲ್ಲೂಕಿಗೊಬ್ಬ ಸರ್ವರ್ ಕಾಯುವವನು ಬೇಕು, ಕಂತ್ರಾಟಿನವನಲ್ಲ, ಕಾಯಂ ನೌಕರ, ಮೀಸಲಾತಿಯ ರೋಸ್ಟರಿನಲ್ಲಿ ಬಂದವನು. ಕನ್ನಡದ ಅಕ್ಷರ, ಕೀಲಿಮಣೆಗಳ ಪ್ಯಾಕೇಜು ನೋಡಿಕೊಳ್ಳುವವರಿಗೆ ತಿಂಗಳ ಸಂಬಳ ಬೇಕು, ರಾಜ್ಯೋತ್ಸವದ ದಿನದ ಶಾಲಲ್ಲ.

ಈ ಬೇಡಿಕೆ ಹಿಡಿದು ಚಿಕ್ಕನಾಯಕನಹಳ್ಳಿಗೆ ಹೋಗುವ ದಿನ ಪಂಚಾಯ್ತಿಯ ವಾಟರ್‌ಮನ್‌ಗಳನ್ನೂ ಕರೆದುಕೊಳ್ಳೋಣ. ಅವರಲ್ಲಿ ಯಾರಿಗೆ ಎಷ್ಟು ತಿಂಗಳ ಸಂಬಳ ಬಾಕಿಯಿದೆ ಎಂಬುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.