ಹಾಸಿಗೆಯಲ್ಲಿ ಕೇಳಿಸಿಕೊಂಡ ಹಾಡು

ನಮ್ಮ ಗಡಿಭಾಗದಲ್ಲಿ ಕುಮಾರ ಗಂಧರ್ವರ ಮಾತು ಬಂದರೆ ಅವರು ಕನ್ನಡದವರೋ ಮರಾಠಿಯವರೋ ಎಂಬ ವಾದವೇ ಮೊದಲು. ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಮನೆಯವರಿಟ್ಟ ಹೆಸರು ಶಿವಪುತ್ರ. ಅಷ್ಟು ಸಾಕು, ವಾದ ಅಲ್ಲಿಗೇ ಬಿಡೋಣ.

ಶಿಕ್ಷಕರಾದ ನಾವು ನೋಡಬೇಕಾದದ್ದು ಬೇರೆ. ಚಿಕ್ಕಂದಿನಲ್ಲಿ ದೊಡ್ಡ ಗಾಯಕರ ಗ್ರಾಮಫೋನ್ ಪ್ಲೇಟು ಕೇಳಿ ಅದನ್ನು ಇದ್ದ ಹಾಗೇ ಹಾಡಿ ತೋರಿಸಿದ ಹುಡುಗ ಅವರು. ಜನ ಬೆರಗಾದರು. ಮುಂದೆ ಮುಂಬಯಿಯಲ್ಲಿ ದೇವಧರ ಗುರುಗಳ ಹತ್ತಿರ ಕಲಿತರು. ಹೆಸರು ಬಂದ ಹೊತ್ತಿಗೇ ಕ್ಷಯರೋಗ. 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋಗಿ ಹಾಸಿಗೆ ಹಿಡಿದರು. ಹಾಡಕೂಡದೆಂದು ವೈದ್ಯರ ಅಪ್ಪಣೆ. ಹೆಂಡತಿ ಭಾನುಮತಿಯವರ ಆರೈಕೆ. ಮಲಗಿದಲ್ಲೇ ಅವರ ಕಿವಿಗೆ ಬಿದ್ದದ್ದು ಮಾಳವದ ಹಳ್ಳಿಗರ ಹಾಡು. ಸ್ಟ್ರೆಪ್ಟೋಮೈಸಿನ್ ಔಷಧ ಬಂದ ಮೇಲೆ ಗುಣವಾಗಿ, 1953ರಲ್ಲಿ ಮತ್ತೆ ವೇದಿಕೆ ಹತ್ತಿದರು. ಶ್ವಾಸಕೋಶ ಮೊದಲಿನಂತಿರಲಿಲ್ಲ. ಆದರೆ ಹಾಡು ಈಗ ಯಾರ ಪ್ಲೇಟಿನದೂ ಆಗಿರಲಿಲ್ಲ. ತಾವೇ ಬಂದಿಶ್‌ಗಳನ್ನು ಕಟ್ಟಿದರು, ಜಾನಪದ ಧಾಟಿಗಳಿಂದ ಹೊಸ ರಾಗಗಳನ್ನೇ ತೆಗೆದರು. ಆ ರಚನೆಗಳ ಪುಸ್ತಕ 'ಅನೂಪರಾಗವಿಲಾಸ' 1965ರಲ್ಲಿ ಬಂತು.

ನಮ್ಮ ಶಾಲೆಗಳ ಸ್ನೇಹ ಸಮ್ಮೇಳನದಲ್ಲಿ ಏನು ನಡೆಯುತ್ತದೆ? ಮೊಬೈಲಿನಲ್ಲಿ ಸಿನಿಮಾ ಹಾಡು ಹಚ್ಚಿ, ಮಕ್ಕಳಿಂದ ಅದರ ನಕಲು. ಚಪ್ಪಾಳೆಯೂ ಜೋರು! ನಕಲು ತಪ್ಪೇನಲ್ಲ, ಕುಮಾರರೂ ಅಲ್ಲಿಂದಲೇ ಶುರು ಮಾಡಿದವರು. ಆದರೆ ಪಾಲಕರೂ ನಾವೂ ಮಕ್ಕಳನ್ನು ಅಲ್ಲಿಯೇ ನಿಲ್ಲಿಸುತ್ತಿದ್ದೇವೆ. ಬೀಸುವ ಪದ ಬಲ್ಲ ಅಜ್ಜಿಯರು ಸಲಗರದಂಥ ಊರುಗಳಲ್ಲಿ ಇನ್ನೂ ಇದ್ದಾರೆ. ಒಂದು ಶನಿವಾರ ಅವರನ್ನು ಶಾಲೆಗೆ ಕರೆದು ಕೂಡಿಸಿ, ಮಕ್ಕಳು ಸುಮ್ಮನೆ ಕೇಳಲಿ. ಖರ್ಚು ಒಂದು ಕಪ್ಪು ಚಹಾದ್ದು.