ಕೋಷ್ಟಕವನ್ನು ಓದುವ ವಿದ್ಯೆ

ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಈಚೆಗೆ ನಮ್ಮಲ್ಲಿಗೆ ಬಂದು ಕೇಳುವ ಪ್ರಶ್ನೆ ಒಂದೇ: “ಕಚೇರಿಯ ಕೆಲಸಕ್ಕೆ ಎಕ್ಸೆಲ್ಲಿನ ಮುಂದುವರಿದ ಪಾಠಗಳನ್ನು ಎಲ್ಲಿ ಕಲಿಯಬೇಕು ಸಾರ್?” ಪ್ರಶ್ನೆ ಯೋಗ್ಯವಾದುದೇ. ಆದರೆ ‘ಮುಂದುವರಿದ’ ಎಂಬ ಮಾತಿಗೆ ಅವರು ಮಾಡಿಕೊಂಡಿರುವ ಅರ್ಥಕ್ಕೆ ನಮ್ಮ ಒಪ್ಪಿಗೆಯಿಲ್ಲ. ಐವತ್ತು ಸೂತ್ರಗಳು ಬಾಯಿಗೆ ಬಂದರೆ ವಿದ್ಯೆ ಕೈವಶವಾಯಿತೆಂದು ಅವರ ಭಾವನೆ.

ಸ್ಪ್ರೆಡ್‌ಶೀಟ್ ಎಂಬುದು ಮೂಲತಃ ಲೆಕ್ಕಪತ್ರದ ಅಗಲವಾದ ಹಾಳೆ. 1979ರಲ್ಲಿ ಡ್ಯಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರು ಅಮೆರಿಕನ್ನರು ವಿಸಿಕ್ಯಾಲ್ಕ್ ಎಂಬ ಕ್ರಮವಿಧಿಯಿಂದ ಅದನ್ನು ಆಪಲ್ ಗಣಕದ ತೆರೆಯ ಮೇಲೆ ತಂದರು. ಒಂದು ಮನೆಯ ಅಂಕಿಯನ್ನು ತಿದ್ದಿದೊಡನೆ ಅದನ್ನು ಅವಲಂಬಿಸಿದ ಮನೆಗಳೆಲ್ಲವೂ ತಾವಾಗಿ ಬದಲಾಗುವುದೇ ಇದರ ಹೆಚ್ಚುಗಾರಿಕೆ. ಅಪಾಯವೂ ಅಲ್ಲಿಯೇ ಇದೆ; ಒಂದು ಮನೆಯ ತಪ್ಪು ಸದ್ದಿಲ್ಲದೆ ನೂರು ಮನೆಗಳನ್ನು ಹೊಕ್ಕುಬಿಡುತ್ತದೆ.

ನಾವೇ ಒಮ್ಮೆ ಇದಕ್ಕೆ ಸಿಕ್ಕಿಬಿದ್ದೆವು. ಆಂತರಿಕ ಪರೀಕ್ಷೆಯ ಅಂಕಗಳನ್ನು ನೋಂದಣಿ ಸಂಖ್ಯೆಯ ಮೂಲಕ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ತರಲು ವಿಲುಕಪ್ ಸೂತ್ರವನ್ನು ಬರೆದಿದ್ದೆವು. ಈ ಸೂತ್ರಕ್ಕೆ ನಾಲ್ಕು ಅಂಗಗಳು. ಕೊನೆಯದನ್ನು ಬಿಟ್ಟರೆ, ಸರಿಸುಮಾರಾಗಿ ಹೊಂದಿದರೂ ಸಾಕೆಂದು ಎಕ್ಸೆಲ್ ತಿಳಿಯುತ್ತದೆ. ಪಟ್ಟಿ ಏರಿಕೆಯ ಕ್ರಮದಲ್ಲಿದೆಯೆಂದು ನಂಬಿ ಹುಡುಕುತ್ತದೆ. ನಮ್ಮ ಪಟ್ಟಿಯೋ ಪ್ರವೇಶ ಪಡೆದ ಕ್ರಮದಲ್ಲಿತ್ತು. ದೋಷಸೂಚನೆ ಒಂದೂ ಬರಲಿಲ್ಲ. 18 ಅಂಕ ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಸೂಚನಾ ಫಲಕದಲ್ಲಿ 11 ಬಿದ್ದಿತ್ತು. ಆಕೆ ಉತ್ತರಪತ್ರಿಕೆಯನ್ನು ಹಿಡಿದು ಬರದಿದ್ದರೆ ಆ 11ನ್ನೇ ನಾವು ವಿಶ್ವವಿದ್ಯಾನಿಲಯಕ್ಕೆ ಕಳುಹಿಸುತ್ತಿದ್ದೆವು.

ದೊಡ್ಡವರೂ ಇದರಿಂದ ಪಾರಾಗಿಲ್ಲ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಎಂಬ ಖ್ಯಾತ ಅರ್ಥಶಾಸ್ತ್ರಜ್ಞರು, ಸರ್ಕಾರದ ಸಾಲ ಮಿತಿಮೀರಿದ ದೇಶಗಳಲ್ಲಿ ಆರ್ಥಿಕ ಬೆಳವಣಿಗೆ ಕುಂಠಿತವಾಗುವುದೆಂದು ಪ್ರಬಂಧ ಬರೆದರು. ಅದನ್ನು ಆಧಾರವಾಗಿ ಹಿಡಿದು ಹಲವು ರಾಜಕಾರಣಿಗಳು ವೆಚ್ಚದ ಕಡಿತವನ್ನು ಸಮರ್ಥಿಸಿದರು. ಥಾಮಸ್ ಹರ್ನ್‌ಡನ್ ಎಂಬ ಅಮೆರಿಕದ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕವನ್ನು ಮತ್ತೆ ಮಾಡಹೋಗಿ, ಉತ್ತರ ಕೂಡದೆ, ಲೇಖಕರಿಂದಲೇ ಮೂಲ ಕೋಷ್ಟಕವನ್ನು ತರಿಸಿಕೊಂಡನು. ಸರಾಸರಿಯ ಸೂತ್ರ ಐದು ಅಡ್ಡಸಾಲುಗಳಷ್ಟು ಮೊದಲೇ ನಿಂತುಹೋಗಿತ್ತು. ಆಸ್ಟ್ರೇಲಿಯ, ಆಸ್ಟ್ರಿಯ, ಬೆಲ್ಜಿಯಂ, ಕೆನಡ, ಡೆನ್ಮಾರ್ಕುಗಳು ಎಣಿಕೆಯಿಂದ ಹೊರಗಿದ್ದವು. 2013ರಲ್ಲಿ ಇದು ಪ್ರಕಟವಾದಾಗ ಲೇಖಕರು ಆ ತಪ್ಪನ್ನು ಒಪ್ಪಿಕೊಂಡರು. ಪ್ರಬಂಧಕ್ಕೆ ಬೇರೆ ಆಕ್ಷೇಪಗಳೂ ಇದ್ದವು. ಆ ವಾದವನ್ನು ಅರ್ಥಶಾಸ್ತ್ರದವರಿಗೇ ಬಿಡೋಣ.

ಖಾಲಿ ಮನೆಯನ್ನು ಸರಾಸರಿಯ ಸೂತ್ರ ಎಣಿಸುವುದಿಲ್ಲ, ಸೊನ್ನೆಯನ್ನು ಎಣಿಸುತ್ತದೆ. 40, 60 ಮತ್ತು ಒಂದು ಖಾಲಿ ಮನೆಯ ಸರಾಸರಿ 50. ಖಾಲಿಯಲ್ಲಿ ಸೊನ್ನೆಯಿಟ್ಟರೆ ಸುಮಾರು 33. ಸಂಖ್ಯೆಯೊಂದರಲ್ಲಿ 15 ಅಂಕಿಗಳನ್ನಷ್ಟೇ ಎಕ್ಸೆಲ್ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಕಾರ್ಡಿನ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಬೆರಳಚ್ಚಿಸಿದರೆ ಕೊನೆಯದು ಸೊನ್ನೆಯಾಗುತ್ತದೆ. ವೇತನಪಟ್ಟಿಯನ್ನು ಸಿದ್ಧಪಡಿಸುವ ಗುಮಾಸ್ತನಿಗೆ ಪಿವಟ್ ಟೇಬಲ್ಲಿಗಿಂತ ಮೊದಲು ಇಂತಹವು ತಿಳಿದಿರಬೇಕೆಂದು ನಮ್ಮ ಅಭಿಪ್ರಾಯ.

ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯಲ್ಲಿ ಸರಳ ಲೋಲಕದ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿಯೇ ಮಾಡಿಸುತ್ತಿದ್ದೇವೆ. ಕೋಷ್ಟಕ ಮುಗಿದ ಮೇಲೆ ಅದನ್ನು ಪಕ್ಕದ ಮೇಜಿನವರಿಗೆ ಕೊಡಬೇಕು. ಅವರು ಮೂರು ಸಾಲುಗಳನ್ನು ಕಾಗದದ ಮೇಲೆ ಮಾಡಿ, ತಾಳೆ ನೋಡಿ ಸಹಿ ಹಾಕಬೇಕು. ಮೊದಲ ವಾರ ಗೊಣಗಾಟವಿತ್ತು. ಎರಡನೆಯ ವಾರ ಒಂದು ತಂಡಕ್ಕೆ ಗುರುತ್ವ ವೇಗೋತ್ಕರ್ಷ ಮೀಟರುಗಳಲ್ಲಿ 978 ಎಂದು ಬಂದಿತ್ತು. ದಾರದ ಉದ್ದವನ್ನು ಸೆಂಟಿಮೀಟರಿನಲ್ಲಿ ತುಂಬಿದ್ದರು. ಪಕ್ಕದ ಮೇಜಿನವರು ಸಹಿ ಹಾಕಲಿಲ್ಲ.