ನಿಂತ್ರ ಹೋಕ್ಕೈತಿ

‘ಹೃದಯಾಘಾತದಿಂದ ಹಠಾತ್ ನಿಧನ’ ಎಂಬ ಸಾಲು ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. ಅದರೊಳಗಿನ ‘ಹಠಾತ್’ ಬಹಳ ಸಲ ಸುಳ್ಳು ಎಂಬುದೇ ನನ್ನ ತಕರಾರು.

ನಮ್ಮೂರು ರೋಣ ತಾಲ್ಲೂಕಿನ ಸವಡಿ. ಸಾಯುವ ಮುಂಚಿನ ಆರು ತಿಂಗಳು ದೊಡ್ಡಪ್ಪ ಹೊಲದ ದಾರಿಯಲ್ಲಿ ಒಂದೇ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ. ಎದೆಗೆ ಅಂಗೈ ಒತ್ತಿಕೊಂಡು, “ಏನಿಲ್ಲೋ ತಮ್ಮಾ, ಗ್ಯಾಸ್ ಆಗೇತಿ. ನಿಂತ್ರ ಹೋಕ್ಕೈತಿ” ಅನ್ನುತ್ತಿದ್ದ. ಎರಡು ನಿಮಿಷಕ್ಕೆ ಹೋಗಿಯೂ ಬಿಡುತ್ತಿತ್ತು. ಮನೆಗೆ ಬಂದು ಅಜಿವಾನ ಅಗಿದು ಸೋಡಾ ಕುಡಿಯುತ್ತಿದ್ದ. ಪೇಟೆಯ ವೈದ್ಯರೊಬ್ಬರು ಇಸಿಜಿ ತೆಗೆದು, ‘ನಾರ್ಮಲ್ ಐತಿ’ ಎಂದು ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ಒಂದು ರಾತ್ರಿ ನೋವು ಹೋಗಲೇ ಇಲ್ಲ. ಬೆಳಗಿನ ಬಸ್ಸಿಗೆ ರೋಣಕ್ಕೆ ಹೋದರಾಯಿತು ಅಂದುಕೊಂಡೆವು. ಬಸ್ಸು ಬರುವಷ್ಟರಲ್ಲಿ ದೊಡ್ಡಪ್ಪ ಇರಲಿಲ್ಲ. “ಹಾರ್ಟ್ ಫೇಲ್ ಆತು, ಹಣೇಬರಹ” ಎಂದರು ಊರವರು.

ಆಮೇಲೆ ಓದಿದೆ. 1768ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಒಂದು ನೋವನ್ನು ಬಣ್ಣಿಸಿದ್ದ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ ಎದೆ ಬಿಗಿಯುತ್ತದೆ, ನಿಂತರೆ ಹೋಗುತ್ತದೆ. ಅದಕ್ಕೆ ಅವನಿಟ್ಟ ಹೆಸರು ಆಂಜೈನಾ ಪೆಕ್ಟೋರಿಸ್. ಅದೇ ಲಕ್ಷಣವನ್ನು ದೊಡ್ಡಪ್ಪ ಎರಡೇ ಪದದಲ್ಲಿ ಹೇಳಿದ್ದ. ಕೇಳಿಸಿಕೊಳ್ಳುವ ಕಿವಿ ನಮಗಿರಲಿಲ್ಲ.

ಹೃದಯಕ್ಕೆ ರಕ್ತ ಒಯ್ಯುವ ನಾಳದೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದರೂ ಕೂತವನಿಗೆ ರಕ್ತ ಸಾಕಾಗುತ್ತದೆ. ದುಡಿವಾಗ ಸಾಲದೆ ನೋವಾಗುತ್ತದೆ. ಇದು ಆಂಜೈನಾ. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬರಬಹುದಾದ್ದು ಇದಕ್ಕೇ. ಆ ಕೊಬ್ಬಿನ ಗಡ್ಡೆ ಒಡೆದು, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಹೃದಯದ ಸ್ನಾಯು ಸಾಯತೊಡಗುತ್ತದೆ. ಇದು ಹೃದಯಾಘಾತ. ಮೊದಲನೆಯದು ಎಷ್ಟೋ ಸಲ ಎರಡನೆಯದರ ನೋಟಿಸು. ಎಲ್ಲರಿಗೂ ನೋಟಿಸು ಬರುವುದಿಲ್ಲ, ನಿಜ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಅದು ಬರಿ ಏದುಸಿರಾಗಿ, ಸುಸ್ತಾಗಿ ಬರಬಹುದು. ಬಂದ ನೋಟಿಸನ್ನಾದರೂ ಓದಬೇಡವೇ?

ಔಷಧದ ವಿಷಯದಲ್ಲೂ ಇದೇ ಗೊಂದಲ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ನಾಳ ಹಿಗ್ಗಿಸಿ ನೋವು ಇಳಿಸುತ್ತದೆ, ಅಡ್ಡಿ ತೆಗೆಯುವುದಿಲ್ಲ. ಬಿಪಿ ಬಿದ್ದವನಿಗೆ ಅದೇ ಅಪಾಯ. ಆಸ್ಪಿರಿನ್ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. ಸ್ಟ್ಯಾಟಿನ್ ಕೊಬ್ಬನ್ನು ಹದ್ದಿನಲ್ಲಿಡುತ್ತದೆ. ‘ಈಗ ಆರಾಮ ಅದೀನಿ’ ಎಂದು ಬಿಡುವ ಗುಳಿಗೆ ಅದಲ್ಲ. ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಹೆಪ್ಪನ್ನೇ ಕರಗಿಸುತ್ತದೆ, ಆದರೆ ಮೊದಲ ಕೆಲವು ಗಂಟೆಯೊಳಗೆ ಕೊಡಬೇಕು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಈ ದುಬಾರಿ ಮದ್ದನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತವಾಗಿ ಒಯ್ಯುವುದಕ್ಕೇ ಹುಟ್ಟಿದ್ದು. ರೋಗಿಯೇ ‘ಗ್ಯಾಸ್’ ಎಂದು ಮನೆಯಲ್ಲಿ ಮಲಗಿದರೆ ಯಾವ ಯೋಜನೆ ಏನು ಮಾಡೀತು?

2025ರಲ್ಲಿ ಹಾಸನದ ಸಾವುಗಳು ಸುದ್ದಿಯಾದಾಗ ವಾಹಿನಿಗಳು ಕಿರುಚಿದವು, ಜನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು, ವಾಟ್ಸ್ಯಾಪ್ ಕೋವಿಡ್ ಲಸಿಕೆಯತ್ತ ಬೆರಳು ಮಾಡಿತು. ಸರ್ಕಾರದ ತಜ್ಞರ ಸಮಿತಿಗೆ ಲಸಿಕೆಯ ನಂಟು ಕಾಣಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ, ತಂಬಾಕಿನಂಥ ಹಳೆಯ ಕಾರಣಗಳು ಮಾತ್ರ ಇದ್ದಲ್ಲೇ ಇವೆ. ನಿಗೂಢ ಸಾವು ನಮಗೆ ರುಚಿಸುವಷ್ಟು ಗುಟ್ಕಾದ ಪಾಕೀಟು ರುಚಿಸುವುದಿಲ್ಲ, ಸುದ್ದಿಯಾಗಿ.

ಬರೆಯುವ ನಾವೂ ಪಾಲುದಾರರೇ. ಮಗಳು ಓಡಿಹೋದ ಸುದ್ದಿ ಕೇಳಿ ಎದೆ ಹಿಡಿದು ಕುಸಿಯುವ ಅಪ್ಪಂದಿರನ್ನು ನಮ್ಮ ಕತೆ, ಸಿನಿಮಾಗಳು ಎಷ್ಟು ಜನರನ್ನು ಕೊಂದಿಲ್ಲ! ಕತೆ ಮುಗಿಯದಿದ್ದರೆ ಹೃದಯಾಘಾತ ಕೈಗೆ ಸಿಗುವ ಸುಲಭದ ಕತ್ತಿ. ಆದರೆ ಬೇವಿನ ಮರದ ಕೆಳಗಿನ ಆರು ತಿಂಗಳನ್ನು ಬರೆದವರು ಎಷ್ಟು ಮಂದಿ? ಓದಿ ಬೆಳೆದ ನಾನೂ ಹೃದಯಾಘಾತವೆಂದರೆ ಸಿಡಿಲು ಎಂದೇ ನಂಬಿದ್ದೆ. ಅದಕ್ಕೇ ಮರದ ಕೆಳಗೆ ನಿಂತವನನ್ನು ಕಂಡೂ ಕಾಣಲಿಲ್ಲ.

‘ಗ್ಯಾಸೂ ಇರಬಹುದಲ್ಲ?’ ಎನ್ನುತ್ತೀರಿ. ಇರಬಹುದು. ಅದನ್ನು ತೀರ್ಮಾನಿಸುವುದು ಅಜಿವಾನದ ಡಬ್ಬಿಯಲ್ಲ. ನಿಮ್ಮ ಮನೆಯ ಹಿರಿಯರು ನಡೆವಾಗ ನಿಂತು, ‘ನಿಂತ್ರ ಹೋಕ್ಕೈತಿ’ ಎಂದರೆ ಅದೇ ವಾರ ಹೃದ್ರೋಗ ತಜ್ಞರಿಗೆ ಆ ಮಾತನ್ನು ಇದ್ದ ಹಾಗೇ ಹೇಳಿ. ನಿಂತರೂ ಹೋಗದಿದ್ದರೆ ಬೆಳಗಿನ ಬಸ್ಸಿಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ನಾವು ಕಾದಿದ್ದೆವು.